ಯಾರ ಮೇಲೆ ಸಿಟ್ಟಾಗಬೇಕು?

ಪೀಟರ್ ಸ್ಟ್ರಾಸನ್ ನೀತಿಶಾಸ್ತ್ರದ ಬಗ್ಗೆ ಬರೆದದ್ದು ಬಹಳ ಕಡಿಮೆ. ಆಕ್ಸ್‌ಫರ್ಡಿನ ಈ ತತ್ವಶಾಸ್ತ್ರಜ್ಞರಿಗೆ ಹೆಸರು ತಂದುಕೊಟ್ಟದ್ದು ಭಾಷೆ, ತರ್ಕಗಳ ಕೆಲಸ. 1950ರಲ್ಲಿ ಬರ್ಟ್ರಂಡ್ ರಸೆಲ್ ಅವರ ಹೆಸರಾಂತ ಸಿದ್ಧಾಂತವೊಂದನ್ನು ಎದುರುಹಾಕಿಕೊಂಡು ಪ್ರಬಂಧ ಬರೆದಾಗ ಅವರಿಗೆ ಬರೀ ಮೂವತ್ತು ವರ್ಷ. ಮುಂದೆ ಕಾಂಟ್ ಬಗ್ಗೆ ಪುಸ್ತಕ ಬರೆದರು, 1977ರಲ್ಲಿ ‘ಸರ್’ ಪದವಿ ಪಡೆದರು, 2006ರಲ್ಲಿ ತೀರಿಕೊಂಡರು. ಇದೆಲ್ಲದರ ನಡುವೆ 1962ರಲ್ಲಿ ಬ್ರಿಟಿಷ್ ಅಕಾಡೆಮಿಗಾಗಿ ಒಂದು ಉಪನ್ಯಾಸ ಕೊಟ್ಟರು. ಅದರ ಹೆಸರು ‘ಫ್ರೀಡಂ ಅಂಡ್ ರಿಸೆಂಟ್‌ಮೆಂಟ್’, ಅಂದರೆ ಸ್ವಾತಂತ್ರ್ಯ ಮತ್ತು ಮುನಿಸು. ಅಚ್ಚಿನಲ್ಲಿ ಇಪ್ಪತ್ತೈದು ಪುಟ. ಮನುಷ್ಯನಿಗೆ ಇಚ್ಛಾಸ್ವಾತಂತ್ರ್ಯ ಇದೆಯೇ, ಮಾಡಿದ ಕೆಲಸಕ್ಕೆ ಅವನನ್ನು ಹೊಣೆ ಮಾಡುವುದು ನ್ಯಾಯವೇ ಎಂಬ ಚರ್ಚೆಗೆ ಇಳಿದವರು ಅಂದಿನಿಂದ ಇಂದಿನವರೆಗೆ ಈ ಪುಟಗಳನ್ನು ಪಕ್ಕಕ್ಕಿಟ್ಟು ಮುಂದೆ ಹೋಗಲು ಆಗಿಲ್ಲ.

ಆ ಉಪನ್ಯಾಸದ ಹೊತ್ತಿಗೆ ಸ್ಟ್ರಾಸನ್ ಅವರ ಮನೆಯಲ್ಲಿ ಗೇಲನ್ ಎಂಬ ಹುಡುಗನಿದ್ದ. 1952ರಲ್ಲಿ ಹುಟ್ಟಿದವನು. ಬೆಳೆದು ಅವನೂ ತತ್ವಶಾಸ್ತ್ರಜ್ಞನಾದ, ಅಪ್ಪ ಕೈಯಿಟ್ಟ ಪ್ರಶ್ನೆಗೇ ಕೈಯಿಟ್ಟ, ತೀರ ಬೇರೆಯ ಉತ್ತರ ತಂದ. ಯಾರೂ ಯಾವುದಕ್ಕೂ ಕಟ್ಟಕಡೆಯ ಅರ್ಥದಲ್ಲಿ ಹೊಣೆಯಾಗಲಾರರು ಎಂದು ಗೇಲನ್ ಸ್ಟ್ರಾಸನ್ 1986ರ ಪುಸ್ತಕದಲ್ಲೂ 1994ರ ಪ್ರಬಂಧದಲ್ಲೂ ವಾದಿಸಿದರು. ಒಂದೇ ಮನೆಯಿಂದ ಬಂದ ಈ ಎರಡು ಉತ್ತರಗಳಲ್ಲಿ ಯಾವುದು ಸರಿ ಎಂದು ಕೇಳಿದರೆ, ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ನನಗೆ ಆಗದು. ಯಾವ ಕಡೆ ಅಪ್ಪನ ಮಾತು ನಡೆಯಬೇಕು, ಯಾವ ಗಡಿ ದಾಟಿದರೆ ಮಗನ ಮಾತು ಕೇಳಬೇಕು ಎಂಬುದು ನನ್ನ ಮಟ್ಟಿಗೆ ನಿಜವಾದ ಪ್ರಶ್ನೆ. ಮನೆಯ ಜಗಳದಿಂದ ಹಿಡಿದು ಗಲ್ಲುಶಿಕ್ಷೆಯವರೆಗೆ ಅದು ಹಬ್ಬಿಕೊಂಡಿದೆ.

ಮೊದಲು ಹಳೆಯ ಜಗಳವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಜಗತ್ತಿನಲ್ಲಿ ಆಗುವುದಕ್ಕೆಲ್ಲ ಹಿಂದಿನ ಕಾರಣವಿದೆ, ಆ ಕಾರಣಕ್ಕೂ ಹಿಂದೆ ಒಂದು ಕಾರಣವಿದೆ ಎನ್ನುವುದಾದರೆ, ನಾನು ನಿನ್ನೆ ಆಡಿದ ಸುಳ್ಳಿಗೂ ನಾನು ಹುಟ್ಟುವ ಮೊದಲಿನ ಕಾರಣಗಳಿವೆ. ಹಾಗಿದ್ದಮೇಲೆ ತಪ್ಪು ನನ್ನದು ಹೇಗೆ? ತಪ್ಪು ಯಾರದೂ ಅಲ್ಲ ಎನ್ನುವವರು ಒಂದು ಕಡೆ. ಕಾರಣಗಳು ಇದ್ದರೂ ಚಿಂತೆಯಿಲ್ಲ, ಹೊಗಳಿಕೆ ಮತ್ತು ಶಿಕ್ಷೆಯಿಂದ ಜನ ತಿದ್ದಿಕೊಳ್ಳುತ್ತಾರೆ, ಅಷ್ಟು ಪ್ರಯೋಜನ ಸಾಕು ಎನ್ನುವವರು ಇನ್ನೊಂದು ಕಡೆ. ಮನುಷ್ಯನೊಳಗೆ ಕಾರಣಗಳ ಹಿಡಿತಕ್ಕೆ ಸಿಗದ ಏನೋ ಒಂದು ಶಕ್ತಿ ಇರಲೇಬೇಕು ಎಂದು ಪಟ್ಟು ಹಿಡಿದವರು ಮೂರನೆಯವರು. ಈ ಮೂರನೆಯ ಗುಂಪು ದಿಗಿಲುಬಿದ್ದು ಅಸ್ಪಷ್ಟ ಸಿದ್ಧಾಂತಗಳ ಮೊರೆಹೋಗಿದೆ ಎಂಬುದು ಪೀಟರ್ ಸ್ಟ್ರಾಸನ್ ಅವರ ಅಭಿಪ್ರಾಯ. ಎರಡನೆಯ ಗುಂಪಿನ ಮಾತೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಶಿಕ್ಷೆಯನ್ನು ಬರೀ ತಿದ್ದುವ ಸಾಧನ ಎಂದು ಕಂಡರೆ, ನೊಂದವರ ಮನಸ್ಸಿನಲ್ಲಿ ನಿಜವಾಗಿ ಏನಿದೆಯೋ ಅದೇ ಕೈಬಿಟ್ಟುಹೋಗುತ್ತದೆ.

ನೊಂದವರ ಮನಸ್ಸಿನಲ್ಲಿ ಇರುವುದು ಏನು? ಇಲ್ಲಿಂದ ಅವರ ಹುಡುಕಾಟ ಶುರು. ಯಾರೋ ನಿಮ್ಮ ಕೈ ತುಳಿದರು ಎಂದುಕೊಳ್ಳಿ ಎನ್ನುತ್ತಾರೆ ಅವರು. ಗೊತ್ತಿಲ್ಲದೆ ತುಳಿದರೂ, ನಿಮ್ಮನ್ನು ಕಸಕ್ಕೆ ಸಮನೆಂದು ಬಗೆದು ತುಳಿದರೂ ನೋವು ಅಷ್ಟೇ. ಎರಡನೆಯ ಸಲ ಮಾತ್ರ ಒಳಗೆ ಇನ್ನೊಂದು ಏಳುತ್ತದೆ, ಅದು ಮುನಿಸು. ನಮ್ಮಲ್ಲಿ ಇದಕ್ಕೆ ಪುರಾವೆ ಬೇರೆ ಬೇಕಿಲ್ಲ. ಕಿಕ್ಕಿರಿದ ಬಸ್ಸಿನಲ್ಲಿ ಒಬ್ಬರ ಕಾಲು ಇನ್ನೊಬ್ಬರಿಗೆ ತಗುಲುತ್ತದೆ. ತಗುಲಿಸಿದವರು ಬಗ್ಗಿ ಅವರ ಮೈಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಎದುರಿನವರು ‘ಪರವಾಗಿಲ್ಲ ಬಿಡಿ’ ಅನ್ನುತ್ತಾರೆ, ಕೆಲವೊಮ್ಮೆ ಅವರೂ ಎದೆ ಮುಟ್ಟಿಕೊಳ್ಳುತ್ತಾರೆ. ಕಾಲು ತಗುಲಿದ್ದರಿಂದ ಯಾರಿಗೂ ಗಾಯವಾಗಿಲ್ಲ. ನಿಮ್ಮನ್ನು ನಾನು ಕೀಳಾಗಿ ಕಂಡಿಲ್ಲ ಎಂಬ ಒಂದು ಮಾತು ಬೇಕಿತ್ತು, ಅದನ್ನು ಬಾಯಿ ಬಿಡದೆ ಹೇಳಿ ಆಯಿತು. ಇದೇ ಕೆಲಸ ಮಾಡದೆ ಸುಮ್ಮನೆ ಕಿಟಕಿಯ ಕಡೆ ತಿರುಗಿಕೊಂಡವರ ಮೇಲೆ ಸಿಟ್ಟು ಬರುತ್ತದಲ್ಲ, ಸ್ಟ್ರಾಸನ್ ಮಾತಾಡುತ್ತಿರುವುದು ಆ ಸಿಟ್ಟಿನ ಬಗ್ಗೆ. ಬೇರೆಯವರ ಮನಸ್ಸಿನಲ್ಲಿ ನಮ್ಮ ಬಗ್ಗೆ ಏನಿದೆ ಎಂಬುದು ನಮಗೆ ಊಟ–ನಿದ್ದೆಯಷ್ಟೇ ಮುಖ್ಯ. ಕೃತಜ್ಞತೆ, ಕ್ಷಮೆ, ಪ್ರೀತಿ, ಬೇಸರ, ಪಶ್ಚಾತ್ತಾಪ ಎಲ್ಲವೂ ಅಲ್ಲಿಂದಲೇ ಹೊರಡುತ್ತವೆ. ಹೊಣೆಗಾರಿಕೆ ಎಂದರೆ ಈ ಭಾವಗಳ ನಡುವೆ ಇರುವುದು ಎಂದರ್ಥ. ಆಕಾಶದಲ್ಲಿ ಎಲ್ಲೋ ಬರೆದಿಟ್ಟ ಸತ್ಯವೊಂದನ್ನು ಮೊದಲು ಪತ್ತೆಹಚ್ಚಿ, ಆಮೇಲೆ ಒಬ್ಬರ ಮೇಲೊಬ್ಬರು ಮುನಿಯಲು ಯಾರೂ ಕಾಯುವುದಿಲ್ಲ.

ಸಿಟ್ಟು ಇಳಿಯುವುದು ಎರಡು ದಾರಿಯಲ್ಲಿ. ‘ಗೊತ್ತಾಗಲಿಲ್ಲ’, ‘ಹಿಂದಿನಿಂದ ಯಾರೋ ತಳ್ಳಿದರು’ ಎಂಬುದು ಒಂದು. ಇಲ್ಲಿ ಆ ವ್ಯಕ್ತಿ ನಮ್ಮ ನಿಮ್ಮಂಥವನೇ, ಅವನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ ಅಷ್ಟೆ. ಇನ್ನೊಂದು ಬೇರೆಯೇ ಜಾತಿಯದು: ‘ಅವನಿನ್ನೂ ಮಗು’, ‘ಅವರ ಬುದ್ಧಿ ಸ್ಥಿಮಿತದಲ್ಲಿಲ್ಲ’. ಆಗ ನಾವು ಆ ಕೆಲಸವೊಂದನ್ನೇ ಕ್ಷಮಿಸುವುದಿಲ್ಲ, ಆ ವ್ಯಕ್ತಿಯನ್ನೇ ಮುನಿಸಿನ ವ್ಯವಹಾರದಿಂದ ಹೊರಗಿಡುತ್ತೇವೆ. ನಮ್ಮ ದಂಡಸಂಹಿತೆಯಲ್ಲೂ ಈ ಎರಡು ದಾರಿ ಪಕ್ಕಪಕ್ಕದಲ್ಲೇ ಇವೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 18ನೇ ಕಲಮು ಆಕಸ್ಮಿಕ ಅವಘಡಕ್ಕೆ, 20ನೆಯದು ಏಳು ವರ್ಷದೊಳಗಿನ ಮಗುವಿಗೆ, 22ನೆಯದು ಬುದ್ಧಿ ಸ್ವಾಧೀನದಲ್ಲಿಲ್ಲದವರಿಗೆ. 1860ರ ದಂಡಸಂಹಿತೆಯಿಂದ ಹೆಚ್ಚು ಬದಲಾವಣೆಯಿಲ್ಲದೆ ಬಂದ ಕಲಮುಗಳು ಇವು. ಕೊನೆಯದರ ಬೇರು ಇನ್ನೂ ಹಿಂದೆ, 1843ರ ಲಂಡನ್ನಿನಲ್ಲಿದೆ. ಪ್ರಧಾನಿ ರಾಬರ್ಟ್ ಪೀಲ್ ಅವರ ಆಪ್ತ ಕಾರ್ಯದರ್ಶಿಯನ್ನು ಡೇನಿಯಲ್ ಮೆಕ್‌ನಾಟನ್ ಎಂಬಾತ ಗುಂಡಿಕ್ಕಿ ಕೊಂದ. ಮತಿಭ್ರಮಣೆಯ ಕಾರಣಕ್ಕೆ ಅವನು ನಿರ್ದೋಷಿ ಎಂದು ತೀರ್ಪಾದಾಗ ಎದ್ದ ಗದ್ದಲದಿಂದ ಹುಟ್ಟಿದ ನಿಯಮಗಳು ಸಮುದ್ರ ದಾಟಿ ಇಲ್ಲಿಗೂ ಬಂದವು.

ಹೊರಗಿಟ್ಟವರ ಜೊತೆ ನಾವು ನಡೆದುಕೊಳ್ಳುವ ರೀತಿಯೇ ಬೇರೆ. ಅವರನ್ನು ಸಂಭಾಳಿಸುತ್ತೇವೆ, ಉಪಚರಿಸುತ್ತೇವೆ, ಬೇಕಾದರೆ ದೂರ ಇಡುತ್ತೇವೆ. ಅವರ ಜೊತೆ ಜಗಳವಾಡುವುದಿಲ್ಲ. ಮರೆವಿನ ಕಾಯಿಲೆ ಬಂದ ಹಿರಿಯರಿರುವ ಮನೆಯವರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ. ಅತ್ತೆ ಬೆಳಿಗ್ಗೆ ಎದ್ದವರೇ ‘ನನ್ನ ಸರ ಕದ್ದವಳು ನೀನೇ’ ಎಂದು ಸೊಸೆಯನ್ನು ದೂರುತ್ತಾರೆ. ಮೊದಮೊದಲು ಸೊಸೆ ಅಳುತ್ತಾಳೆ, ಗಂಡನ ಹತ್ತಿರ ಹೇಳಿಕೊಳ್ಳುತ್ತಾಳೆ, ಬೀರು ತೆಗೆದು ಸರ ತೋರಿಸುತ್ತಾಳೆ. ಡಾಕ್ಟರು ಕಾಯಿಲೆಯ ಹೆಸರು ಹೇಳಿದ ಮೇಲೆ ಅಳುವುದು ನಿಲ್ಲುತ್ತದೆ. ‘ಹೌದಾ ಅತ್ತೆ, ಸಂಜೆ ಹುಡುಕಿ ಕೊಡ್ತೀನಿ, ಈಗ ಕಾಫಿ ಕುಡೀರಿ’ ಎನ್ನುವುದನ್ನು ಕಲಿಯುತ್ತಾಳೆ. ಮನೆ ಶಾಂತವಾಗುತ್ತದೆ. ಆಮೇಲೆ ಒಂದು ಮಧ್ಯಾಹ್ನ, ಎಲ್ಲಿಂದಲೋ ಹಳೆಯ ಚುರುಕು ಬಂದಂತೆ, ಅತ್ತೆ ಸೊಸೆಯ ಅಡುಗೆಯ ಬಗ್ಗೆ ಹಿಂದಿನ ಕಾಲದ ಒಂದು ಕೊಂಕು ಮಾತು ಆಡುತ್ತಾರೆ. ಸೊಸೆಗೆ ಥಟ್ಟನೆ ನೋವಾಗುತ್ತದೆ, ಸಿಟ್ಟೂ ಬರುತ್ತದೆ. ಆ ಸಿಟ್ಟಿನ ಹಿಂದೆಯೇ ಒಂದು ಸಂತೋಷ: ಅತ್ತೆ ಒಳಗೆ ಇನ್ನೂ ಇದ್ದಾರೆ! ಸ್ಟ್ರಾಸನ್ ಹೇಳುವುದರ ತಿರುಳೆಲ್ಲ ಈ ಸಂತೋಷದಲ್ಲಿದೆ. ಒಬ್ಬರ ಮೇಲೆ ಮುನಿಯುವುದೆಂದರೆ ಅವರನ್ನು ಮಾತಿಗೆ ಮಾತು ಕೊಡಬಲ್ಲ ಸರೀಕರೆಂದು ಒಪ್ಪಿಕೊಂಡಂತೆ. ಮುನಿಸು ಹಿಂತೆಗೆದುಕೊಂಡಾಗ ಬರುವ ಸಮಾಧಾನಕ್ಕೆ ಬೆಲೆಯಿದೆ, ಆ ಬೆಲೆಯನ್ನು ತೆರುವವರು ಎದುರಿನವರು.

ಇದು ಬರೀ ಮನೆಯೊಳಗಿನ ಸೂಕ್ಷ್ಮ ಎಂದುಕೊಳ್ಳಬಾರದು. 1960ರ ದಶಕದ ಸೋವಿಯತ್ ಒಕ್ಕೂಟದಲ್ಲಿ ಮೇಜರ್ ಜನರಲ್ ಪ್ಯೋತ್ರ್ ಗ್ರಿಗೊರೆಂಕೊ ಸರ್ಕಾರದ ವಿರುದ್ಧ ದನಿಯೆತ್ತಿದಾಗ, ಆಳುವವರು ಅವರ ಜೊತೆ ವಾದಿಸಲು ಹೋಗಲಿಲ್ಲ. ಮಾನಸಿಕ ರೋಗಿ ಎಂದು ಷರಾ ಬರೆಸಿ ಆಸ್ಪತ್ರೆಗೆ ನೂಕಿದರು. ಒಂದು ಆರೋಪಕ್ಕೆ ಉತ್ತರ ಕೊಡುವ ಕಷ್ಟ ಅಲ್ಲಿಗೆ ತಪ್ಪಿತು. ನಮ್ಮ ಹಳ್ಳಿಗಳಲ್ಲಿ ಗಂಡನ ಮನೆಯವರ ಕಿರುಕುಳ ತಾಳದೆ ಕೂಗಾಡಿದ ಹೆಣ್ಣಿಗೆ ‘ಗಾಳಿ ಹಿಡಿದಿದೆ’ ಎಂದು ತಾಯಿತ ಕಟ್ಟಿಸಿದ್ದು ಎಷ್ಟು ಸಲವೋ! ಅಲ್ಲೂ ಆದದ್ದು ಇದೇ. ಅವಳ ದೂರು ದೂರಾಗಿ ಉಳಿಯಲಿಲ್ಲ, ರೋಗಲಕ್ಷಣವಾಯಿತು. ಸಿಟ್ಟನ್ನು ಸಿಟ್ಟೆಂದೇ ಕೇಳಿಸಿಕೊಳ್ಳಬೇಕೆಂಬುದು ಮನುಷ್ಯರ ಹಕ್ಕುಗಳ ಪಟ್ಟಿಯಲ್ಲಿ ಇರಬೇಕಾದ ಮಾತೆಂದು ನಾನು ನಂಬಿದ್ದೇನೆ.

ಮಹಾಭಾರತದ ವನಪರ್ವದಲ್ಲಿ ದ್ರೌಪದಿ ಧರ್ಮರಾಯನನ್ನು ತರಾಟೆಗೆ ತೆಗೆದುಕೊಳ್ಳುವ ಭಾಗ ಈ ವಿಷಯಕ್ಕೆ ಎಷ್ಟು ಹತ್ತಿರದ್ದೆಂದರೆ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ತಮ್ಮಂದಿರ ಪಾಡು, ನನ್ನ ಪಾಡು ನೋಡಿಯೂ ನಿನಗೆ ಸಿಟ್ಟೇಕೆ ಬರುವುದಿಲ್ಲ ಎಂದು ಅವಳು ಕೇಳುತ್ತಾಳೆ. ಸಿಟ್ಟಿಲ್ಲದ ಕ್ಷತ್ರಿಯನನ್ನು ಎಲ್ಲರೂ ತುಳಿಯುತ್ತಾರೆ ಎನ್ನುತ್ತಾಳೆ. ಯುಧಿಷ್ಠಿರ ಕ್ಷಮೆಯನ್ನು ಹೊಗಳುತ್ತಾನೆ. ಆಮೇಲೆ ಅದೇ ದ್ರೌಪದಿ ತಿರುಗಿ, ಪ್ರಾಣಿಗಳೆಲ್ಲ ವಿಧಾತನ ಕೈಯ ಮರದ ಬೊಂಬೆಗಳು, ಅವನು ಆಡಿಸಿದಂತೆ ಆಡುತ್ತವೆ ಎಂದೂ ಹೇಳುತ್ತಾಳೆ. ಬೊಂಬೆ ಎಂದ ಮೇಲೆ ದುರ್ಯೋಧನನ ಮೇಲೆ ಸಿಟ್ಟು ಹೋಗಬೇಕಿತ್ತಲ್ಲ? ಹೋಗುವುದಿಲ್ಲ. ಅವಳ ಸಿಟ್ಟು ವಿಧಾತನ ಮೇಲೂ ಏರುತ್ತದೆ ಅಷ್ಟೆ. ಎಲ್ಲಕ್ಕೂ ಕಾರಣವಿದೆ ಎಂದು ಬಾಯಲ್ಲಿ ಒಪ್ಪಿದ ಮಾತ್ರಕ್ಕೆ ಮನುಷ್ಯರ ನಡುವಿನ ಮುನಿಸು ಕರಗದು ಎಂಬುದು ಸ್ಟ್ರಾಸನ್ ಅವರ ಮುಖ್ಯ ವಾದಗಳಲ್ಲಿ ಒಂದು. ವನಪರ್ವದ ಈ ಹೆಂಗಸು ಅದಕ್ಕೆ ಒಳ್ಳೆಯ ಸಾಕ್ಷಿ.

ಆ ವಾದದ ಇನ್ನೊಂದು ಎಳೆಯೂ ಗಟ್ಟಿಯಾದದ್ದು. ಅತ್ತೆಯನ್ನು ಸೊಸೆ ಹೊರಗಿಟ್ಟದ್ದು ಅವರ ಮಾತಿಗೆ ಕಾರಣವಿದೆ ಎಂಬುದಕ್ಕಲ್ಲ. ಕಾರಣ ಎಲ್ಲರ ಮಾತಿಗೂ ಇದೆ. ನೆನಪು, ವಿವೇಕ, ಸಂಬಂಧ ಹಿಡಿದಿಡುವ ಶಕ್ತಿ ಅವರಲ್ಲಿ ಮುರಿದುಬಿದ್ದಿವೆ ಎಂಬುದಕ್ಕೆ. ಎಲ್ಲಕ್ಕೂ ಹಿಂದಿನ ಕಾರಣವಿದೆ ಎಂಬ ನಿಯತಿವಾದ ನಿಜವಾದರೂ ಎಲ್ಲರಿಗೂ ಏಕಕಾಲಕ್ಕೆ ಆ ಶಕ್ತಿ ಮುರಿದುಬಿದ್ದಿದೆ ಎಂದಾಗುವುದಿಲ್ಲ. ಮಿದುಳು ವಿಜ್ಞಾನಿಗಳು ಇಚ್ಛಾಸ್ವಾತಂತ್ರ್ಯವನ್ನು ಸಾಯಿಸಿಬಿಟ್ಟರು ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. 1983ರಲ್ಲಿ ಬೆಂಜಮಿನ್ ಲಿಬೆಟ್ ಮಾಡಿದ ಪ್ರಯೋಗ ಅದರ ಮೂಲ. ಬೆರಳು ಅಲ್ಲಾಡುವ ಸುಮಾರು ಅರ್ಧ ಸೆಕೆಂಡ್ ಮೊದಲೇ ಮಿದುಳಿನಲ್ಲಿ ತಯಾರಿ ಶುರುವಾಗಿರುತ್ತದೆ, ‘ಅಲ್ಲಾಡಿಸೋಣ’ ಎಂಬ ಅರಿವು ಬರುವುದು ಅದಕ್ಕಿಂತ ತಡವಾಗಿ ಎಂದು ಅದು ತೋರಿಸಿತು. 2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು ಆ ತಯಾರಿಯನ್ನು ಬೇರೆ ರೀತಿ ಓದಿದರು. ಅದು ತೀರ್ಮಾನವೇ ಅಲ್ಲ, ಮಿದುಳಿನ ಸಹಜ ಏರಿಳಿತ ಒಂದು ಮಟ್ಟ ಮುಟ್ಟಿದ್ದಷ್ಟೇ ಇರಬಹುದು ಎಂದರು. ಆ ಜಗಳ ಮುಗಿದಿಲ್ಲ. ಹೇಗೆ ಮುಗಿದರೂ ಸುಮ್ಮನೆ ಬೆರಳು ಅಲ್ಲಾಡಿಸುವುದರಿಂದ, ಸ್ನೇಹಿತನಿಗೆ ದ್ರೋಹ ಬಗೆದವನು ಹೊಣೆಯೋ ಅಲ್ಲವೋ ಎಂದು ತಿಳಿಯುವುದಿಲ್ಲ.

ಈಗ ಮಗನ ಮಾತು. ಗೇಲನ್ ಸ್ಟ್ರಾಸನ್ ಪ್ರಯೋಗಶಾಲೆಗೂ ಹೋಗುವುದಿಲ್ಲ, ನಿಯತಿವಾದ ನಿಜವೋ ಸುಳ್ಳೋ ಎಂದೂ ಕೇಳುವುದಿಲ್ಲ. ಅವರ ವಾದ ನಾಲ್ಕು ಹೆಜ್ಜೆಯದು. ನೀವು ಮಾಡುವುದನ್ನು ಮಾಡುವುದು ನೀವು ಇರುವ ರೀತಿಯಿಂದಾಗಿ. ಆದ್ದರಿಂದ ಮಾಡಿದ್ದಕ್ಕೆ ಪೂರ್ತಿ ಹೊಣೆಯಾಗಬೇಕಾದರೆ ನೀವು ಇರುವ ರೀತಿಗೂ ಹೊಣೆಯಾಗಬೇಕು. ಆ ರೀತಿಯನ್ನು ನೀವೇ ಆರಿಸಿಕೊಂಡಿರಿ ಎಂದರೆ, ಆರಿಸಿಕೊಂಡದ್ದು ಅದಕ್ಕೂ ಮೊದಲಿದ್ದ ಸ್ವಭಾವದಿಂದ. ಅದನ್ನು ಆರಿಸಿದ್ದು ಯಾರು? ಹಿಂದೆ ಹಿಂದೆ ಹೋದರೆ ತಾಯಿಯ ಗರ್ಭಕ್ಕೋ ತೊಟ್ಟಿಲಿಗೋ ಬಂದು ನಿಲ್ಲುತ್ತೇವೆ. ಅಲ್ಲಿ ನಮ್ಮ ಆಯ್ಕೆ ಯಾವುದೂ ಇಲ್ಲ. ಸ್ವಭಾವ ಬದಲಿಸಿಕೊಳ್ಳಬಹುದಲ್ಲ ಎಂದರೆ, ಬದಲಿಸಿಕೊಳ್ಳಬೇಕೆಂಬ ಹಂಬಲವೂ ಅದು ಕೈಗೂಡುವ ಶಕ್ತಿಯೂ ಹೊರಗಿನಿಂದ ಬಂದದ್ದೇ, ನಾವು ಗಳಿಸಿದ್ದಲ್ಲ.

ಇಷ್ಟು ಕಟ್ಟುನಿಟ್ಟಾಗಿ ವಾದಿಸುವವರೇ ಎದುರು ಪಕ್ಷದ ಅತ್ಯಂತ ಬಲವಾದ ಚಿತ್ರವನ್ನೂ ಬರೆದಿದ್ದಾರೆ ಎಂಬುದು ನನಗೆ ಅವರಲ್ಲಿ ಇಷ್ಟವಾದ ಗುಣ. ನಾಳೆ ಹಬ್ಬ. ಅಂಗಡಿ ಬಾಗಿಲು ಹಾಕುವ ಹೊತ್ತು. ನಿಮ್ಮ ಕೈಯಲ್ಲಿ ಉಳಿದಿರುವ ಒಂದೇ ಒಂದು ಹತ್ತು ಪೌಂಡಿನ ನೋಟು ಹಿಡಿದು ಕೇಕ್ ಕೊಳ್ಳಲು ಹೋಗುತ್ತೀರಿ. ಅಂಗಡಿಯ ಮೆಟ್ಟಿಲ ಮೇಲೆ ಒಬ್ಬರು ಆಕ್ಸ್‌ಫಾಮ್ ಎಂಬ ದತ್ತಿ ಸಂಸ್ಥೆಯ ದೇಣಿಗೆ ಡಬ್ಬಿ ಅಲ್ಲಾಡಿಸುತ್ತ ನಿಂತಿದ್ದಾರೆ. ನೀವು ನಿಲ್ಲುತ್ತೀರಿ. ಆ ಕ್ಷಣದಲ್ಲಿ ಕೇಕೋ ಡಬ್ಬಿಯೋ ಎಂಬುದು ಸಂಪೂರ್ಣವಾಗಿ ನಿಮ್ಮ ಕೈಯಲ್ಲಿದೆ ಎಂಬ ಭಾವನೆಯಿಂದ ನೀವು ತಪ್ಪಿಸಿಕೊಳ್ಳಲಾರಿರಿ. ಗೇಲನ್ ವಾದವನ್ನು ಬಾಯಿಪಾಠ ಮಾಡಿಕೊಂಡಿದ್ದರೂ ತಪ್ಪಿಸಿಕೊಳ್ಳಲಾರಿರಿ. ಐದು ನಿಮಿಷ ಬಿಟ್ಟು ಹಿಂತಿರುಗಿ ನೋಡುವಾಗ ‘ನಾನು ಹೀಗಿದ್ದುದರಿಂದ ಹೀಗೆ ಮಾಡಿದೆ’ ಎನ್ನಬಹುದು. ನಿಂತ ಕ್ಷಣದಲ್ಲಿ ಆ ಮಾತು ಉಪಯೋಗಕ್ಕೆ ಬರದು.

ಗೇಲನ್ ಇಲ್ಲವೆನ್ನುತ್ತಿರುವುದು ಯಾವ ಹೊಣೆಗಾರಿಕೆಯನ್ನು ಎಂಬುದನ್ನು ಗಮನಿಸಬೇಕು. ಒಬ್ಬರಿಗೆ ಶಾಶ್ವತ ಸ್ವರ್ಗವನ್ನೋ ನರಕವನ್ನೋ ಕೊಡುವುದು ನ್ಯಾಯ ಎನ್ನಿಸುವಂಥ ಹೊಣೆಗಾರಿಕೆ ಅದು. ಕರ್ಮಸಿದ್ಧಾಂತದ ನೆಲದಲ್ಲಿ ಬೆಳೆದ ನಮಗೆ ಈ ಸರಪಳಿ ಹೊಸದೇನೂ ಅಲ್ಲ. ಈ ಜನ್ಮದ ಪಾಡಿಗೆ ಹಿಂದಿನ ಜನ್ಮದ ಕರ್ಮ ಕಾರಣ ಎಂದರೆ, ಮೊಟ್ಟಮೊದಲ ಜನ್ಮದ ಪಾಡಿಗೆ ಏನು ಕಾರಣ? ಬ್ರಹ್ಮಸೂತ್ರಗಳ ಎರಡನೇ ಅಧ್ಯಾಯದಲ್ಲಿ ಇದೇ ಆಕ್ಷೇಪಣೆ ಬರುತ್ತದೆ. ಸಂಸಾರಕ್ಕೆ ಆದಿಯೇ ಇಲ್ಲ, ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ ಎಂಬಂತೆ ಅದು ನಡೆದುಬಂದಿದೆ ಎಂದು ಶಂಕರರು ಭಾಷ್ಯದಲ್ಲಿ ಸಮಾಧಾನ ಹೇಳುತ್ತಾರೆ. ಗೇಲನ್‌ಗೆ ಈ ಉತ್ತರ ಸಾಲದು ಎನ್ನಿಸುತ್ತದೆ. ಸರಪಳಿ ಅನಂತವಾದರೆ ಹೊಣೆ ಎಲ್ಲೂ ನೆಲೆ ನಿಲ್ಲುವುದಿಲ್ಲ. ನಲಂದಾದ ಬೌದ್ಧ ಗುರು ಶಾಂತಿದೇವರು, ಎಂಟನೇ ಶತಮಾನದವರು, ಬೋಧಿಚರ್ಯಾವತಾರದ ಕ್ಷಾಂತಿ ಅಧ್ಯಾಯದಲ್ಲಿ ಇನ್ನೂ ನೇರವಾಗಿ ಕೇಳಿದ್ದರು: ಪಿತ್ತ ಕೆರಳಿ ನೋವು ಕೊಟ್ಟಾಗ ಪಿತ್ತದ ಮೇಲೆ ಸಿಟ್ಟಾಗುವುದಿಲ್ಲ, ಕಾರಣಗಳು ಕೆರಳಿಸಿದ ಮನುಷ್ಯನ ಮೇಲೆ ಮಾತ್ರ ಏಕೆ? ಓದುವಾಗ ಮನಸ್ಸು ತಣ್ಣಗಾಗುತ್ತದೆ. ಶಾಂತಿದೇವರು ಅದನ್ನು ಹೇಳಿದ್ದು ತನ್ನ ಸಿಟ್ಟನ್ನು ತಾನೇ ಗೆಲ್ಲಲು ಹೊರಟ ಸಾಧಕನಿಗೆ. ನೊಂದ ನೆರೆಯವಳ ಕಿವಿಯಲ್ಲಿ ಅದೇ ಮಾತು ಊದಲು ಹೋದರೆ ಅದು ಕ್ರೌರ್ಯವಾದೀತು.

ಅಪ್ಪ–ಮಗನ ನಡುವೆ ಸಿಕ್ಕಿಕೊಂಡ ಅತ್ಯಂತ ಕಠಿಣ ಪ್ರಕರಣವನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ತತ್ವಶಾಸ್ತ್ರಜ್ಞ ಗ್ಯಾರಿ ವಾಟ್ಸನ್ ಎತ್ತಿಕೊಂಡರು. ಅವರು ಪೀಟರ್ ಸ್ಟ್ರಾಸನ್ ಅವರ ದಾರಿಯಲ್ಲೇ ನಡೆದವರು. ರಾಬರ್ಟ್ ಹ್ಯಾರಿಸ್ ಎಂಬವನ ಕಥೆಯನ್ನು, ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ 1982ರ ವರದಿಯಿಂದ ತೆಗೆದುಕೊಂಡು, ಸ್ಟ್ರಾಸನ್ ಅವರ ಸಿದ್ಧಾಂತದ ಎದುರು ನಿಲ್ಲಿಸಿದರು.

1978ರ ಜುಲೈಯಲ್ಲಿ ಸ್ಯಾನ್ ಡಿಯಾಗೋ ನಗರದ ಒಂದು ಪಾರ್ಕಿಂಗ್ ಜಾಗದಲ್ಲಿ ಹದಿನಾರು ವರ್ಷದ ಇಬ್ಬರು ಹುಡುಗರು ಕಾರಿನಲ್ಲಿ ಕೂತು ಬರ್ಗರ್ ತಿನ್ನುತ್ತಿದ್ದರು. ಹ್ಯಾರಿಸ್‌ಗೂ ಅವನ ತಮ್ಮನಿಗೂ ಬ್ಯಾಂಕ್ ದರೋಡೆಗೆ ಒಂದು ಕಾರು ಬೇಕಿತ್ತು. ಏನೂ ಮಾಡುವುದಿಲ್ಲ ಎಂದು ಮಾತು ಕೊಟ್ಟು ಹುಡುಗರನ್ನು ಊರಾಚೆ ಕರೆದೊಯ್ದ ಹ್ಯಾರಿಸ್ ಇಬ್ಬರನ್ನೂ ಗುಂಡಿಟ್ಟು ಕೊಂದ. ಸ್ವಲ್ಪ ಹೊತ್ತಿನ ಮೇಲೆ ಆ ಹುಡುಗರು ಅರ್ಧ ತಿಂದು ಬಿಟ್ಟಿದ್ದ ಬರ್ಗರ್ ತಿಂದ. ಅವತ್ತೇ ಬ್ಯಾಂಕ್ ದರೋಡೆ ಮಾಡಿದ, ಅವತ್ತೇ ಸಿಕ್ಕಿಬಿದ್ದ. ಅವನನ್ನು ಹಿಡಿದ ಪೊಲೀಸರಲ್ಲಿ ಒಬ್ಬರು ಸತ್ತ ಹುಡುಗನೊಬ್ಬನ ತಂದೆ; ಹಿಡಿಯುವಾಗ ಅವರಿಗೆ ಅದು ಗೊತ್ತಿರಲಿಲ್ಲ. ಮರಣದಂಡನೆಗೆ ಕಾದಿದ್ದ ಕೈದಿಗಳೂ ಹ್ಯಾರಿಸ್‌ನನ್ನು ಕಂಡರೆ ಉಗಿಯುವಷ್ಟು ಅಸಹ್ಯಪಡುತ್ತಿದ್ದರು. ಇಲ್ಲಿಯವರೆಗೆ ಓದಿದವರ ಸಿಟ್ಟು ಉಕ್ಕದಿದ್ದರೆ ಅವರ ಬಗ್ಗೆಯೇ ಅನುಮಾನಪಡಬೇಕಾಗುತ್ತದೆ.

ವರದಿಯ ಉಳಿದರ್ಧ ಹ್ಯಾರಿಸ್‌ನ ಸೋದರಿ ಹೇಳಿದ್ದು. ತಾಯಿ ಬಸುರಿಯಾಗಿದ್ದಾಗ, ಏಳು ತಿಂಗಳು ತುಂಬುವ ಮೊದಲೇ, ಗಂಡ ಹೊಟ್ಟೆಗೆ ಒದ್ದ. ಕೆಲವೇ ಗಂಟೆಗಳಲ್ಲಿ ಹುಟ್ಟಿದ ಮಗು ರಾಬರ್ಟ್. ಈ ಮಗು ನನ್ನದಲ್ಲ ಎಂಬುದು ಅಪ್ಪನ ಹಟ. ಅದೇ ಹಟದಲ್ಲಿ ಹೊಡೆತ ತಿಂದ ತಾಯಿ, ತನ್ನ ಗೋಳಿಗೆಲ್ಲ ಈ ಮಗುವೇ ಕಾರಣವೆಂದು ಬಗೆದು ಅವನನ್ನು ದೂರ ತಳ್ಳಿದಳು. ಪುಟ್ಟ ಹುಡುಗ ಅಮ್ಮನ ಹತ್ತಿರ ಸರಿದು ಅವಳ ಕಾಲನ್ನು ಸವರುತ್ತಿದ್ದ, ಮುಟ್ಟಿಸಿಕೊಳ್ಳಬೇಕೆಂಬ ಆಸೆಯಿಂದ. ಅವಳು ಒದ್ದು ಬಿಸಾಡುತ್ತಿದ್ದಳು. ಒಂದು ಸಲ ಒದೆತಕ್ಕೆ ಮೂಗಿನಿಂದ ರಕ್ತ ಬಂತು. ಚಿಕ್ಕವನಿದ್ದಾಗ ಅವನು ಸಿನಿಮಾದಲ್ಲಿ ಜಿಂಕೆಮರಿಯ ತಾಯಿ ಸತ್ತದ್ದಕ್ಕೆ ಅತ್ತವನು. ಹದಿನಾಲ್ಕಕ್ಕೆ ಕಳವಿನ ಕೇಸಿನಲ್ಲಿ ಸೆರೆಮನೆ ಸೇರಿ, ಅಲ್ಲಿ ಇನ್ನೂ ಏನೇನೋ ಅನುಭವಿಸಿ, ಹೊರಬಂದಾಗ ಪ್ರಾಣಿಗಳನ್ನು ಹಿಂಸಿಸುವವನಾಗಿದ್ದ.

ಇದನ್ನು ಓದಿದ ಮೇಲೆ ಮೊದಲಿನ ಸಿಟ್ಟು ಎಲ್ಲಿ ಹೋಗಬೇಕು? ಹ್ಯಾರಿಸ್ ಮಗುವಲ್ಲ, ಮತಿಭ್ರಮಿತನೂ ಅಲ್ಲ. ಮಾಡುತ್ತಿರುವುದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪೀಟರ್ ಸ್ಟ್ರಾಸನ್ ಅವರ ಎರಡು ದಾರಿಗಳಲ್ಲಿ ಯಾವುದೂ ಅವನಿಗೆ ಸುಲಭವಾಗಿ ತೆರೆಯುವುದಿಲ್ಲ. ಆದರೂ ಆ ಬಾಲ್ಯ ನನ್ನದಾಗಿದ್ದರೆ ನಾನೂ ಹಾಗೇ ಆಗುತ್ತಿದ್ದೆನೇನೋ ಎಂಬ ಅಳುಕು ಬಿಡುವುದಿಲ್ಲ. ವಾಟ್ಸನ್ ಇಲ್ಲಿ ಜಾಣ ಪರಿಹಾರವೊಂದನ್ನು ಹುಡುಕಿಕೊಡುವುದಿಲ್ಲ. ಕೊಂದವನ ಮೇಲಿನ ಸಿಟ್ಟೂ ಒದೆ ತಿಂದ ಮಗುವಿನ ಮೇಲಿನ ಕನಿಕರವೂ ಒಂದೇ ವ್ಯಕ್ತಿಯ ಕಡೆಗೆ ಹೊರಟು, ಒಂದನ್ನೊಂದು ಅಳಿಸದೆ, ಒಂದಕ್ಕೊಂದು ದಾರಿ ಬಿಡದೆ ನಿಲ್ಲುತ್ತವೆ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾರೆ. ಹ್ಯಾರಿಸ್‌ನನ್ನು 1992ರ ಏಪ್ರಿಲ್ 21ರಂದು ಸ್ಯಾನ್ ಕ್ವೆಂಟಿನ್ ಸೆರೆಮನೆಯ ವಿಷಾನಿಲದ ಕೋಣೆಯಲ್ಲಿ ಕೊಲ್ಲಲಾಯಿತು. ಅದು 1967ರ ನಂತರ ಕ್ಯಾಲಿಫೋರ್ನಿಯಾದಲ್ಲಿ ನಡೆದ ಮೊದಲ ಮರಣದಂಡನೆ.

ನಾನು ಗೆರೆ ಎಳೆಯುವುದು ಇಲ್ಲಿ. ಆ ಹುಡುಗರ ತಂದೆತಾಯಿಯ ಸಿಟ್ಟಿಗೆ ಹ್ಯಾರಿಸ್‌ನ ಬಾಲ್ಯ ಉತ್ತರವಲ್ಲ. ಆ ಸಿಟ್ಟಿಗೆ ಅವನೇ ಉತ್ತರ ಕೊಡಬೇಕು. ಅವನನ್ನು ಬರೀ ಕೆಟ್ಟ ಬಾಲ್ಯದ ಫಲ ಎಂದು ಬಿಟ್ಟರೆ, ಅವನಲ್ಲಿ ಉಳಿದಿದ್ದ ಅಷ್ಟಿಷ್ಟು ಮನುಷ್ಯತ್ವವನ್ನೂ ಅಳಿಸಿದಂತಾಗುತ್ತದೆ. ಅಷ್ಟರಮಟ್ಟಿಗೆ ಅಪ್ಪನ ಮಾತು ಸರಿ. ಕೊಲ್ಲುವ ತೀರ್ಮಾನ ಬೇರೆ. ಒಬ್ಬನ ಬದುಕಿಗೆ ಹೀಗೆ ಕೊನೆಯ ಲೆಕ್ಕ ಬರೆಯುವಾಗ ಸರ್ಕಾರ ‘ಇದು ಪೂರ್ತಿ ನಿನ್ನದೇ, ಮೊದಲಿನಿಂದ ಕೊನೆಯವರೆಗೆ’ ಎಂದು ಹೇಳಿದಂತಾಗುತ್ತದೆ. ಸ್ವರ್ಗ–ನರಕ ಹಂಚುವಂಥ ಈ ಹೊಣೆಗಾರಿಕೆ ಯಾರಿಗೂ ಇಲ್ಲ ಎಂಬ ಗೇಲನ್ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ. ಉತ್ತರವಿಲ್ಲದ ಕಡೆ ಹಗ್ಗಕ್ಕೆ ಕೈ ಹಾಕಬಾರದು.

ನಮ್ಮ ಸುಪ್ರೀಂ ಕೋರ್ಟ್ ಈ ತೀರ್ಮಾನಕ್ಕೆ ಬಂದಿಲ್ಲ. ಗಲ್ಲುಶಿಕ್ಷೆ ಕಾನೂನಿನಲ್ಲಿ ಹಾಗೇ ಇದೆ. ಆದರೂ ಹ್ಯಾರಿಸ್ ಪ್ರಕರಣದ ಎರಡೂ ಅರ್ಧಗಳನ್ನು ನೋಡಬೇಕೆಂಬ ಮಾತು ಅಲ್ಲಿ ಹಳೆಯದು. ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಗಳಲ್ಲಿ ಮಾತ್ರ ಗಲ್ಲು ಎಂದ 1980ರ ಬಚನ್ ಸಿಂಗ್ ತೀರ್ಪು, ಅಪರಾಧದ ಜೊತೆ ಅಪರಾಧಿಯನ್ನೂ ತೂಗಿ ನೋಡಿ ಎಂದಿತ್ತು. ಪ್ರಾಯೋಗಿಕವಾಗಿ ಎಷ್ಟೋ ಸಲ ಅಪರಾಧಿಯ ಬಗ್ಗೆ ನ್ಯಾಯಾಧೀಶರ ಮುಂದೆ ಬರುತ್ತಿದ್ದುದು ವಯಸ್ಸು, ಬಡತನ, ಮನೆಯಲ್ಲಿರುವ ಮಕ್ಕಳ ಸಂಖ್ಯೆ, ಇಷ್ಟೇ. ಅದೂ ಕೊನೆಯ ಗಳಿಗೆಯಲ್ಲಿ ವಕೀಲರು ಹೇಳುವ ನಾಲ್ಕು ವಾಕ್ಯಗಳಲ್ಲಿ.

2022ರ ಮೇ ತಿಂಗಳಲ್ಲಿ ಇಂದೋರಿನ ಪ್ರಕರಣವೊಂದರ ತೀರ್ಪು ಇದನ್ನು ಬದಲಿಸಲು ಹೊರಟಿತು. 2011ರಲ್ಲಿ ದರೋಡೆಗೆಂದು ಮನೆಗೆ ನುಗ್ಗಿದವರು ಒಂದೇ ಕುಟುಂಬದ ಮೂವರು ಹೆಂಗಸರನ್ನು ಕೊಂದಿದ್ದರು. ಮೂವರು ಅಪರಾಧಿಗಳಿಗೂ ಗಲ್ಲು ಆಗಿತ್ತು. ಅಪರಾಧ ಸಾಬೀತಾಗಿದೆ ಎಂಬುದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಕೊಲೆಯ ಕ್ರೌರ್ಯವನ್ನು ಕಡಿಮೆ ಮಾಡಿ ಹೇಳಲಿಲ್ಲ. ಗಲ್ಲನ್ನು ಮಾತ್ರ ಕನಿಷ್ಠ 25 ವರ್ಷದ ಜೀವಾವಧಿಗೆ ಇಳಿಸಿತು. ಜೊತೆಗೆ, ಮುಂದೆ ಗಲ್ಲಿಗೆ ಅರ್ಹವೆನಿಸುವ ಪ್ರಕರಣಗಳಲ್ಲಿ ಅಪರಾಧಿಯ ಮನೋವೈದ್ಯಕೀಯ ಮತ್ತು ಮನೋವೈಜ್ಞಾನಿಕ ತಪಾಸಣೆಯ ವರದಿಯನ್ನು ವಿಚಾರಣೆಯ ಹಂತದಲ್ಲೇ ಸರ್ಕಾರ ಒದಗಿಸಬೇಕು ಎಂದಿತು. ಬಾಲ್ಯದ ಹಿನ್ನೆಲೆ, ಈಗಿನ ಕುಟುಂಬ, ಒಡಹುಟ್ಟಿದವರು, ಹಿಂಸೆ ಅಥವಾ ನಿರ್ಲಕ್ಷ್ಯಕ್ಕೆ ತುತ್ತಾದದ್ದು ಇದ್ದರೆ ಅದು, ಓದು, ದುಡಿಮೆ, ಜೈಲಿನಲ್ಲಿ ನಡೆದುಕೊಂಡ ರೀತಿ, ಎಲ್ಲವೂ ದಾಖಲಾಗಬೇಕು. ಹ್ಯಾರಿಸ್‌ನ ಸೋದರಿ ಒಬ್ಬ ಪತ್ರಕರ್ತನಿಗೆ ಹೇಳಿದಂಥ ಸಂಗತಿಗಳನ್ನು ಇನ್ನು ಮುಂದೆ ಜಿಲ್ಲಾ ನ್ಯಾಯಾಲಯವೇ ಕೇಳಿ ಬರೆಸಿಕೊಳ್ಳಬೇಕು, ಶಿಕ್ಷೆ ಘೋಷಿಸುವ ಮೊದಲು.